ಪ್ರತಿಜ್ಞೆಯ ಮೊದಲ ಸಾಲು

ಸಂಹಿತಾ ಪ್ರತಿಜ್ಞೆಯ ಮೊದಲ ಸಾಲನ್ನು ಹೇಳಲಿಲ್ಲ. ಉಳಿದದ್ದನ್ನೆಲ್ಲ ಗಟ್ಟಿಯಾಗಿಯೇ ಹೇಳಿದಳು.

ಅಂದು ಶಿರಸಿಯ ಮೈದಾನವೊಂದರಲ್ಲಿ ‘ಬೆಟ್ಟದಳ’ಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಕಾರ್ಯಕ್ರಮ. ಹೊಳೆಗೆ ಬಿದ್ದವರನ್ನು, ಗುಡ್ಡ ಕುಸಿದಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತರುವ ಹುಡುಗ ಹುಡುಗಿಯರ ತಂಡ ಅದು. ಸಂಹಿತಾ ಇಡೀ ವರ್ಷ ಉಮ್ಮಚಗಿಯಿಂದ ಬಸ್ಸು ಹಿಡಿದು ಬಂದು ತರಬೇತಿ ಪಡೆದಿದ್ದಳು. ಹಗ್ಗದಲ್ಲಿ ಇಳಿಯಲು ಮೊದಮೊದಲು ಹೆದರುತ್ತಿದ್ದಳು. ಆಮೇಲೆ ಅವಳೇ ಉಳಿದವರಿಗೆ ಧೈರ್ಯ ಹೇಳಿ ಇಳಿಸುತ್ತಿದ್ದಳು.

ದಳದ ನಾಯಕ ಪ್ರಮೋದ ಒಬ್ಬೊಬ್ಬರಿಗೂ ಹಸಿರು ಸ್ಕಾರ್ಫ್ ಕಟ್ಟುತ್ತ ಬಂದು ಅವಳೆದುರು ನಿಂತ.

“‘ಭಗವಂತನಲ್ಲಿ ನಂಬಿಕೆಯಿಟ್ಟು’ ಅಂತ ಹೇಳಲೇ ಇಲ್ಲ ನೀನು.”

“ನಂಬಿಕೆ ಇಲ್ಲ ಸರ್. ಆತ್ಮಸಾಕ್ಷಿಯಾಗಿ ಅಂತ ಹೇಳ್ಲಾ?”

ಪ್ರಮೋದ ಕೆಟ್ಟವನಲ್ಲ. ಸುತ್ತ ನೋಡಿ, ಸ್ಕಾರ್ಫನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡ. “ಸಮಿತಿಯವರನ್ನ ಕೇಳ್ಬೇಕು,” ಎಂದು ಮುಂದಿನವಳ ಹತ್ತಿರ ಹೋದ.

ಸಮಿತಿ ಒಪ್ಪಲಿಲ್ಲ. ಯಾವ ದೇವರಾದರೂ ಅಡ್ಡಿಯಿಲ್ಲ, ದೇವರೇ ಇಲ್ಲವೆನ್ನುವವರಿಗೆ ಮಾತ್ರ ಜಾಗವಿಲ್ಲ ಎಂದರು. ಮೇಲೊಬ್ಬನ ಹೆದರಿಕೆಯಿಲ್ಲದವಳ ಕೈಗೆ ಜನರ ಜೀವ ಕೊಡುವುದು ಹೇಗೆ ಎಂದೂ ಯಾರೋ ಕೇಳಿದರಂತೆ.

ಸಂಹಿತಾಳಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಮಂಗಳಾರತಿಯ ಹೊತ್ತಿಗೆ ಎಲ್ಲರಂತೆ ಅವಳೂ ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದ ಕಣ್ಣಿನೊಳಗೆ ಯಾರೂ ಇರಲಿಲ್ಲ, ಅಷ್ಟೆ.

“ಬರೇ ಬಾಯಿಮಾತಲೇ ಅದು, ಹೇಳಿ ಮುಗಸು,” ಎಂದಳು ಜೊತೆಗೇ ತರಬೇತಿ ಪಡೆದು ದಳ ಸೇರಿದ್ದ ಬನವಾಸಿ ಕಡೆಯ ಗೆಳತಿ ವಾಣಿಶ್ರೀ. “ನೀ ಇಲ್ಲಂದ್ರ ನಂಗೂ ಬ್ಯಾಸರ ಆಗ್ತೈತಿ.”

ಮನೆಯಲ್ಲಿ ಅಪ್ಪ ಕಮಲಾಕರ ಪೂಜೆ ಮುಗಿಸಿ ಹರಿವಾಣ ಒರೆಸುತ್ತಿದ್ದ.

“ಒಂದು ಸಾಲು ಹೇಳಲೆ ಆಗ್ತಿಲ್ಯ ಕೂಸೇ?”

“ನಂಬಿಕೆ ಇಲ್ಲೆ ಅಪ್ಪಾ.”

“ಯಂಗೆ ನಂಬಿಕೆ ಇದ್ದು ಹೇಳಿ ನಿಂಗೆ ಯಾರು ಹೇಳ್ದ?”

ಅವಳು ಬೆಚ್ಚಿ ನೋಡಿದಳು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳದಂತೆ ಅಪ್ಪ ದನಿ ತಗ್ಗಿಸಿದ. “ಉಪನಯನ ಆದಲ್ಲಿಂದ ಪೂಜೆ ಮಾಡ್ತಾ ಇದ್ದೆ. ಒಂದಿನವೂ ಎಂತದೂ ಅನಿಸಿದ್ದಿಲ್ಲೆ. ಬಿಟ್ರೆ ಊರಲ್ಲಿ ಯಾರೂ ಹತ್ತಿರ ಸೇರಿಸ್ತ್ವಿಲ್ಲೆ. ಆನು ಬದುಕಿದ್ದಿಲ್ಯ? ನೀನೂ ಹಾಂಗೇ ಬದುಕು.”

ಅವಳಿಗೆ ಅಳು ಬಂತು. ತನ್ನಂಥವನೊಬ್ಬ ಇಷ್ಟು ವರ್ಷ ಇದೇ ಮನೆಯಲ್ಲಿದ್ದ. ಅವನು ಕೊಡಬಹುದಾದ ಬುದ್ಧಿ ಇದೊಂದೇ.

ಮರುವಾರ ಅವಳು ಸಮಿತಿಯೆದುರು ನಿಂತು ಪ್ರತಿಜ್ಞೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೊದಲ ಸಾಲನ್ನೂ ಬಿಡಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು.

“ಮೊನ್ನೆ ಇಲ್ಲ ಅಂದವಳಿಗೆ ಇವತ್ತು ನಂಬಿಕೆ ಬಂತಾ?”

ಪ್ರತಿಜ್ಞೆಗೆಂದು ಎತ್ತಿದ್ದ ಕೈಯನ್ನು ಅವಳು ಕೆಳಗಿಳಿಸಿದಳು.

“ಸುಳ್ಳು ಪ್ರಮಾಣ ಮಾಡೋರು ನಮಗೆ ಬೇಡಮ್ಮಾ. ಹೋಗು.”

ಮೆಟ್ಟಿಲಿಳಿಯುವಾಗ ಅವಳಿಗೆ ಅವರ ಮೇಲಲ್ಲ, ತನ್ನ ಮೇಲೆಯೇ ಹೇಸಿಗೆಯಾಯಿತು.

ಆಷಾಢದಲ್ಲಿ ವಜ್ರಳ್ಳಿ ಕಡೆ ಗುಡ್ಡ ಜರಿದು ಮನೆಯೊಂದು ಮಣ್ಣಡಿ ಹೋಯಿತು. ಸುದ್ದಿ ಕೇಳಿ ಸಂಹಿತಾ ಸಿಕ್ಕಿದ ಬೈಕು ಹತ್ತಿ ಹೋದಳು. ದಳದವರು ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಅತ್ತ ನಾಲ್ವರು ಮುದುಕಿಯೊಬ್ಬಳನ್ನು ಸ್ಟ್ರೆಚರಿನಲ್ಲಿ ತರುತ್ತಿದ್ದರು. ಹಿಂದಿನ ತುದಿ ಹಿಡಿದಿದ್ದ ವಾಣಿಶ್ರೀಯ ಕಾಲು ಕೆಸರಿನಲ್ಲಿ ಜಾರಿತು. ಸಂಹಿತಾ ಹಗ್ಗದಡಿ ನುಸುಳಿ ಓಡಿ ಹಿಡಿಕೆಗೆ ಕೈ ಹಾಕಿದಳು. ಗೆಳತಿಯರಿಬ್ಬರೂ ಕೂಡಿ ಕೆಲವು ಹೆಜ್ಜೆ ನಡೆದರು.

“ಸಂಹಿತಾ, ಬಿಡು,” ಪ್ರಮೋದ ಬಂದ. “ದಳದವರಲ್ಲದವರು ಒಳಗೆ ಬರೋ ಹಾಗಿಲ್ಲ. ನಾಳೆ ನಾನು ಉತ್ತರ ಹೇಳ್ಬೇಕು. ದಯವಿಟ್ಟು.”

ಅವಳು ವಾಣಿಶ್ರೀಯನ್ನು ನೋಡಿದಳು. ವಾಣಿಶ್ರೀ ನೆಲ ನೋಡುತ್ತಿದ್ದಳು. ಸ್ಕಾರ್ಫ್ ಕಟ್ಟಿದ ಹುಡುಗನೊಬ್ಬ ಬಂದು ಸಂಹಿತಾಳ ಕೈಯಿಂದ ಹಿಡಿಕೆ ತೆಗೆದುಕೊಂಡ. ಸ್ಟ್ರೆಚರು ಆಂಬುಲೆನ್ಸಿನತ್ತ ಹೋಯಿತು.

ಮುದುಕಿ ಉಳಿದಳೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಮನಸ್ಸೂ ಆಗಲಿಲ್ಲ. ಮನೆಗೆ ಬಂದಾಗ ಅಮ್ಮ ದೇವಕಿ ಬಟ್ಟೆಯ ಕೆಸರು ಕಂಡು ಗಾಬರಿಯಾದಳು.

“ಎಂತ ಆತೇ? ಎಷ್ಟು ಜನರನ್ನ ಎತ್ತಿದ್ಯೆ?”

“ಆನು ಎಂತದೂ ಮಾಡಿದ್ದಿಲ್ಲೆ,” ಎಂದು ಸಂಹಿತಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.