ವಾಪಸ್ ಕೊಟ್ಟ ಕೈ

ನನ್ನ ಬಾಯಿ ದೊಡ್ಡದು ಅಂತ ನಮ್ಮ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಬಾಯ್ಲರಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಬೆಳೆದ ಬಾಯಿ ಅದು, ಮನೆಗೆ ಹೋದ ಮೇಲೂ ಇಳಿಯುವುದಿಲ್ಲ. ಗಂಡ ಎದುರಿಗೇ ಕೂತಿದ್ದರೂ ಪಕ್ಕದ ಬೀದಿಯವರು ತಿರುಗಿ ನೋಡುವ ಹಾಗೆ ನೀರು ಕೇಳುತ್ತೇನೆ. ಅಂಥ ಬಾಯಿ, ಗೊಂಚಲು ಮೊದಲ ಸಲ ನನ್ನ ಮಣಿಕಟ್ಟು ಹಿಡಿದಾಗ ತೆರೆಯಲೇ ಇಲ್ಲ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಗೊಂಚಲು ಅಂದರೆ ನಮ್ಮ ಉಗ್ರಾಣದವನು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ತೂಗಾಡಿಸಿಕೊಂಡು ಓಡಾಡುವುದರಿಂದ ನಾವು ಇಟ್ಟ ಹೆಸರು. ಸೋಪು, ಗಂಜಿಪುಡಿ, ಸೂಜಿ, ದಾರ, ಏನೇ ಬೇಕಿದ್ದರೂ ಅವನ ಹತ್ತಿರವೇ ಹೋಗಬೇಕು. ಉಗ್ರಾಣ ಇರುವುದು ಒಂದು ಓಣಿಯ ಕೊನೆಯಲ್ಲಿ. ಓಣಿಯ ಒಂದು ಪಕ್ಕ ಬಿಸಿನೀರಿನ ಕೊಳವೆಗಳು, ಇನ್ನೊಂದು ಪಕ್ಕ ಖಾಲಿ ತಳ್ಳುಗಾಡಿಗಳು, ನಡುವೆ ಒಬ್ಬರು ಹೋಗುವಷ್ಟು ಜಾಗ. ಅವನು ಆ ಜಾಗದಲ್ಲೇ ನಿಲ್ಲುತ್ತಿದ್ದ. ಕೇಳಿದ್ದನ್ನು ಒಂದು ಕೈಯಲ್ಲಿ ಕೊಟ್ಟು, ಇನ್ನೊಂದು ಕೈಯಲ್ಲಿ ನಮ್ಮ ಮಣಿಕಟ್ಟು ಹಿಡಿಯುತ್ತಿದ್ದ. "ಏನವಸರ? ನಿಧಾನಕ್ಕೆ ಹೋಗಿ" ಅನ್ನುತ್ತ ಹೆಬ್ಬೆರಳಿನಿಂದ ಸವರುತ್ತಿದ್ದ. ಅಷ್ಟೇ. ಎಲ್ಲಿಯವರೆಗೆ ಹೋದರೆ ಯಾರೂ ದೂರನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೇಳಲಿಲ್ಲ ಅಂತಲ್ಲ, ಹೇಳಿದೆವು. ನಮ್ಮ ಮ್ಯಾನೇಜರ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಕೈ ತಾನೇ ಹಿಡಿದಿದ್ದು? ಇಬ್ಬಿಬ್ಬರು ಜೊತೆಗೆ ಹೋಗಿ" ಅಂದರು. ಇಬ್ಬಿಬ್ಬರು ಹೋದೆವು. ಹಿಂದೆ ಇದ್ದವಳ ಕೈ ಹಿಡಿದ.

ನನ್ನದು ಹಾಗಿರಲಿ. ಇಲ್ಲೇ ಇಸ್ತ್ರಿ ಮಾಡುವ ನನ್ನ ತಂಗಿಯ ಮಗಳು ಕಡ್ಡಿ, ಕೆಲಸ ಬಿಡುತ್ತೇನೆ ಅಂದಾಗ ನನ್ನ ಪಿತ್ತ ನೆತ್ತಿಗೇರಿತು. ಸಣಕಲು ಹುಡುಗಿ, ಅದಕ್ಕೇ ಕಡ್ಡಿ. ಆದರೆ ಇಸ್ತ್ರಿಯ ದೊಡ್ಡ ರೋಲರಿನ ಮುಂದೆ ನಿಂತರೆ ಅವಳದೇ ದರ್ಬಾರು. ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒಂದೇ ಒಂದು ಸಲ ಕೊಡವಿ ರೋಲರಿಗೆ ಕೊಟ್ಟಳೆಂದರೆ ಆ ಕಡೆ ಒಂದು ಸುಕ್ಕೂ ಇಲ್ಲದೆ ಬರುತ್ತಿತ್ತು. ಮಡಿಸುವ ಕೋಣೆಯ ಅಜ್ಜಿ, ದೇವರನ್ನೂ ಹೊಗಳದ ಹೆಂಗಸು, ಒಂದು ದಿನ ಆ ಶೀಟನ್ನು ಕೆನ್ನೆಗೆ ಒತ್ತಿಕೊಂಡು "ಪರವಾಗಿಲ್ಲ ಕಣೇ" ಅಂದಿದ್ದಳು. ಕಡ್ಡಿ ಅವತ್ತೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅಂಥವಳು ಆ ಸೆಕೆಯಲ್ಲೂ ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಳ್ಳತೊಡಗಿದಳು. ಗಂಜಿಪುಡಿ ಮುಗಿದರೆ ಮುಖ ಬಿಳುಚಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಡಬ್ಬಿ ಮುಚ್ಚುತ್ತ ಹೇಳಿದಳು.

"ದೊಡ್ಡಮ್ಮ, ಈ ವಾರ ಮುಗಿದ್ಮೇಲೆ ನಾನು ಬರಲ್ಲ. ಅಮ್ಮನಿಗೂ ಹೇಳಿದೀನಿ."

ಸಂಜೆ ತಂಗಿಯ ಮನೆಗೆ ಹೋಗಿ ಕೂಗಾಡಿದೆ. ಅವಳು ತರಕಾರಿ ಹೆಚ್ಚುತ್ತ ತಲೆ ಎತ್ತದೆ, "ಬಿಟ್ಟು ಬರ್ಲಿ ಬಿಡಕ್ಕ. ಹುಡುಗಿ ಮರ್ಯಾದೆ ಮುಖ್ಯ" ಅಂದಳು.

"ಅವಳ ಮರ್ಯಾದೆಗೆ ಏನಾಗಿದೆ? ಮರ್ಯಾದೆ ಬಿಟ್ಟವನು ಅವನು. ಅವನು ಅಲ್ಲೇ ಇರ್ತಾನೆ, ಇವಳು ಮನೇಲಿ ಕೂರ್ಬೇಕಾ?"

"ಕೂಗ್ಬೇಡ, ಪಕ್ಕದವರಿಗೆ ಕೇಳುತ್ತೆ."

ಕೇಳಲಿ ಅಂತಲೇ ಇನ್ನೂ ಜೋರಾಗಿ ಕೂಗಿ ಬಂದೆ. ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾನಕ್ಕ ಕೊಳೆ ಬಟ್ಟೆಯ ಚೀಲಗಳನ್ನು ಇಳಿಸುತ್ತಿದ್ದಳು. ವಸತಿಗೃಹಗಳಿಂದ, ಆಸ್ಪತ್ರೆಗಳಿಂದ ಬಟ್ಟೆ ತರುವ ವ್ಯಾನಿನ ಡ್ರೈವರ್ ಅವಳು. ಒಂದೊಂದು ಚೀಲವನ್ನೂ ಮಗು ಎತ್ತಿದಷ್ಟು ಸಲೀಸಾಗಿ ಎತ್ತುತ್ತಾಳೆ. ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಕುಸ್ತಿ ಕಲಿತಿದ್ದಳಂತೆ. ನಾನು ಗೊಂಚಲನ್ನು ಬೈಯುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

"ಬೈದು ಬೈದು ಅವನ ಕೈ ಏನಾದ್ರೂ ಸವೀತಾ?" ಅಂದಳು. "ಊಟದ ಹೊತ್ತಲ್ಲಿ ಮಡಿಸೋ ಕೋಣೆಗೆ ಎಲ್ರೂ ಬನ್ನಿ. ಬೇಗ ಬೇಗ ಉಂಡು ಬನ್ನಿ."

ಒಗೆದ ಟವೆಲುಗಳ ಚೀಲಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆ ನಮ್ಮ ಪಾಠ ಶುರುವಾಯಿತು. ವ್ಯಾನಕ್ಕ ನನ್ನ ಮಣಿಕಟ್ಟು ಹಿಡಿದು, ಬಿಡಿಸ್ಕೋ ಅಂದಳು. ನಾನು ಹಿಂದಕ್ಕೆ ಎಳೆದೆ. ಅವಳು ಆಕಳಿಸಿದಳು.

"ಎಲ್ರೂ ಮಾಡೋದು ಇದನ್ನೇ. ಹಿಂದಕ್ಕೆ ಎಳೆದ್ರೆ ಅವನಿಗೇ ಅನುಕೂಲ. ಅವನ ಹೆಬ್ಬೆರಳು ಎಲ್ಲಿದೆ ನೋಡು. ಹಿಡಿತ ಸಡಿಲ ಇರೋದು ಅಲ್ಲೇ. ಒಂದು ಹೆಜ್ಜೆ ಅವನ ಕಡೆಗೇ ಇಡು, ಮೊಣಕೈ ಮುಂದೆ ತಗೊಂಡ್ಹೋಗು, ಹೆಬ್ಬೆರಳಿನ ಕಡೆಗೆ ತಿರುಗಿಸಿ ಕಿತ್ಕೋ."

ಮುಂದಕ್ಕೆ ಹೆಜ್ಜೆ ಇಡುವುದು ಬೇರೆಯವರಿಗೆ ಕಷ್ಟವಂತೆ. ನಮಗೆ ಅದು ನೀರು ಕುಡಿದ ಹಾಗೆ. ಬೆಡ್‌ಶೀಟು ಮಡಿಸುವುದೇ ಹಾಗಲ್ಲವೇ? ಇಬ್ಬರು ಎದುರುಬದುರು ನಿಂತು ಮೂಲೆಗಳನ್ನು ಹಿಡಿಯುತ್ತೇವೆ, ಮುಂದೆ ನಡೆದು ಸೇರುತ್ತೇವೆ, ಒಬ್ಬಳು ಇನ್ನೊಬ್ಬಳ ಕೈಯಿಂದ ಮೂಲೆ ತೆಗೆದುಕೊಳ್ಳುತ್ತಾಳೆ. ಕೈ ಖಾಲಿಯಾದವಳು ಕೂಡಲೇ ಆ ಕೈಯನ್ನು ಚಾಚಿ "ಮುಂದಿಂದು" ಅಂತ ಕೂಗುತ್ತಾಳೆ. ಮುಂದಿನ ಶೀಟು ಕೊಡಿ ಅಂತ ಅರ್ಥ. ಬಾಯ್ಲರಿನ ಸದ್ದಿನಲ್ಲಿ ಗಂಟಲು ಹರಿದುಕೊಂಡು ಕೂಗಬೇಕು. ದಿನವಿಡೀ ಇದೇ ಕೆಲಸ, ಇದೇ ಕೂಗು.

ಅದೇ ನಮಗೆ ಮುಳುವಾಯಿತು. ಪಾಠದಲ್ಲೂ ಕೈ ಬಿಡಿಸಿಕೊಂಡ ಕೂಡಲೇ ಎಲ್ಲರೂ ಆ ಕೈಯನ್ನು ಮತ್ತೆ ಮುಂದೆ ಚಾಚಿ "ಮುಂದಿಂದು" ಅನ್ನತೊಡಗಿದೆವು. "ಬಿಡು ಅಂತ ಕೂಗ್ಬೇಕು ಕಣ್ರೇ" ಅಂತ ವ್ಯಾನಕ್ಕ ತಲೆ ತಲೆ ಚಚ್ಚಿಕೊಂಡಳು. ಬಾಯಿಗೆ ಬಂದರೆ ತಾನೇ? ಕೊನೆಗೆ ಅವಳೂ ಕೈಚೆಲ್ಲಿದಳು.

"ಆಗ್ಲಿ, ಕೈ ವಾಪಸ್ ಕೊಟ್ರೆ ಪಾಠ ಬೇಗ ಬೇಗ ಆಗುತ್ತೆ. ಊಟದ ಹೊತ್ತು ಎಷ್ಟಿದೆ ಮಹಾ."

ಅಜ್ಜಿ ಸೊಂಟ ಹಿಡಿದುಕೊಂಡೇ ಕಲಿತಳು. ನನ್ನನ್ನು ಒಂದು ಸಲ ಚೀಲಗಳ ಮೇಲೆ ಮಕಾಡೆ ಕೆಡವಿ, "ನಿನ್ನ ಸೊಕ್ಕು ಮುರಿಯೋಕೆ ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕಡ್ಡಿ ಮಾತ್ರ ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿಕೊಂಡು ಕೂತಿರುತ್ತಿದ್ದಳು.

"ಬಾರೇ," ಅಂದೆ.

"ಇದೆಲ್ಲ ಇಲ್ಲಿ ಚೆನ್ನಾಗಿರುತ್ತೆ ದೊಡ್ಡಮ್ಮ. ಆ ಓಣೀಲಿ ನಿಂತ್ರೆ ಕೈಯೂ ನೆನಪಿರಲ್ಲ, ಕಾಲೂ ನೆನಪಿರಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಈ ಗಂಟಲೇ ಅಲ್ಲಿ ಕೈಕೊಟ್ಟಿತ್ತು. ಆದರೂ ಛಲ ಬಂತು.

"ನಾಳೆ ಗಂಜಿಪುಡಿ ತರೋಕೆ ನಾನು ಹೋಗ್ತೀನಿ, ಒಬ್ಬಳೇ. ಕೈ ಬಿಡಿಸ್ಕೊಂಡು ಬಂದ್ರೆ ನೀನು ಕೆಲಸ ಬಿಡಬಾರ್ದು."

"ಬರದಿದ್ರೆ?"

"ಬರದಿದ್ರೆ ನಾನೂ ನಿನ್ನ ಜೊತೆ ಬಿಡ್ತೀನಿ."

ಈ ಬಾಯಿಗೆ ಬೀಗ ಇಲ್ಲ ನೋಡಿ.

ಬೆಳಿಗ್ಗೆ ಓಣಿಗೆ ಕಾಲಿಟ್ಟಾಗ ಅವನು ಎಂದಿನ ಹಾಗೆ ನಡುವೆಯೇ ನಿಂತಿದ್ದ. ಗಂಜಿಪುಡಿಯ ಪೊಟ್ಟಣ ಕೊಟ್ಟ. ನನ್ನ ಬಲಗೈ ಮಣಿಕಟ್ಟು ಹಿಡಿದ.

"ಏನು, ಇವತ್ತು ದೊಡ್ಡಮ್ಮನೋರೇ ಬಂದ್ಬಿಟ್ರಿ? ಆ ಹುಡುಗಿ ಎಲ್ಲಿ?"

ಆ ಹುಡುಗಿ ಅಂದದ್ದೇ ತಡ, ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಮೊಣಕೈ ಅವನ ಎದೆಯ ಹತ್ತಿರ, ಹೆಬ್ಬೆರಳಿನ ಕಡೆಗೆ ಒಂದು ತಿರುವು. ಕೈ ನನ್ನದಾಯಿತು. ಅಬ್ಬಾ ಅನ್ನಿಸಿತು. ಓಡಿಬರಬೇಕಾಗಿತ್ತು. ಆದರೆ ಹಾಳಾದ ಅಭ್ಯಾಸ, ಬಿಡಿಸಿಕೊಂಡ ಕೈ ನೆಟ್ಟಗೆ ಅವನ ಮುಂದೆ ಚಾಚಿಕೊಂಡು ನಿಂತಿತು. ಬಾಯಿ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿತು.

"ಮುಂದಿಂದು!"

ನಾನೇ ಬೆಚ್ಚಿದೆ. ಅವನು ಮೊದಲು ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ. ನಾನಾಗಿಯೇ ಕೊಟ್ಟೆ ಅಂದುಕೊಂಡನೋ ಏನೋ, ಹಲ್ಲು ಕಿರಿದು ಈ ಸಲ ಬಿಗಿಯಾಗಿ ಹಿಡಿದ. ಮತ್ತೆ ಹೆಜ್ಜೆ, ಮತ್ತೆ ತಿರುವು, ಮತ್ತೆ ಬಿಡಿಸಿಕೊಂಡೆ. ಮತ್ತೆ ಆ ದರಿದ್ರ ಕೈ ಹೋಗಿ ಅವನ ಮುಂದೆ ನಿಂತಿತು. ಮತ್ತೆ ಅದೇ ಕೂಗು.

ಈ ಸಲ ಅವನ ಹಲ್ಲು ಒಳಗೆ ಹೋದವು. ಕೈ ಎಳೆದುಕೊಂಡು ಓಡುವವರನ್ನು ಅವನು ನೋಡಿದ್ದ, ಅಳುವವರನ್ನು ನೋಡಿದ್ದ. ಬಿಡಿಸಿಕೊಂಡು, ಇನ್ನೊಂದು ಸಲ ಹಿಡಿ ಅಂತ ಕೈ ಒಡ್ಡುವ ಹೆಂಗಸನ್ನು ನೋಡಿರಲಿಲ್ಲ.

"ಏನ್ರೀ ಇದು? ತಲೆಗಿಲೆ ಕೆಟ್ಟಿದ್ಯಾ?" ಅಂದ. ಧ್ವನಿ ಸ್ವಲ್ಪ ನಡುಗಿತು.

ಆ ನಡುಕ ನನ್ನ ಕಿವಿಗೆ ಎಷ್ಟು ಹಿತವಾಗಿತ್ತು ಅಂದರೆ, ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ಈಗ ಅದು ಅಭ್ಯಾಸದಿಂದ ನಿಂತದ್ದಲ್ಲ, ನಾನೇ ನಿಲ್ಲಿಸಿದ್ದು.

"ಹಿಡಿ," ಅಂದೆ. "ಹಿಡಿಯೋಕೆ ಬರುತ್ತಲ್ಲ ನಿಂಗೆ. ಹಿಡಿ."

ಅಷ್ಟರಲ್ಲಿ ಹಿಂದೆ ಚಪ್ಪಲಿಗಳ ಸದ್ದು. ಶೀಟೇ ಇಲ್ಲದ ಕಡೆಯಿಂದ "ಮುಂದಿಂದು" ಕೇಳಿಬಂದದ್ದಕ್ಕೆ ಮಡಿಸುವ ಕೋಣೆಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಮುಂದೆ ಅಜ್ಜಿ. ನನ್ನ ಕೈ ನೋಡಿದಳು, ಅವನ ಮುಖ ನೋಡಿದಳು. ಬಿಡಿಸಿ ಹೇಳುವುದೇನೂ ಉಳಿದಿರಲಿಲ್ಲ. ನನ್ನ ಹೆಗಲ ಮೇಲಿಂದ ತನ್ನ ಸುಕ್ಕುಗಟ್ಟಿದ ಕೈ ಚಾಚಿದಳು.

"ನಂದೂ ಹಿಡಿಯಪ್ಪ. ಸೊಂಟ ನೋವಿದೆ, ತುಂಬಾ ಹೊತ್ತು ನಿಲ್ಲೋಕಾಗಲ್ಲ."

ಅವಳ ಹಿಂದಿದ್ದವಳು ಚಾಚಿದಳು. ಅವಳ ಹಿಂದಿದ್ದವಳೂ. ಇಕ್ಕಟ್ಟಾದ ಓಣಿ, ಮುಂದೆ ಬರಲು ಜಾಗವಿಲ್ಲ, ಹೆಗಲುಗಳ ಮೇಲಿಂದ, ಕಂಕುಳ ಕೆಳಗಿಂದ ಕೈಗಳು ಬಂದವು. ಸೋಪು ತಿಂದ ಕೈಗಳು, ಇಸ್ತ್ರಿ ಸುಟ್ಟ ಕೈಗಳು. ಯಾರೂ ಕೂಗಲಿಲ್ಲ. ಗೊಂಚಲು ಒಂದು ಹೆಜ್ಜೆ ಹಿಂದೆ ಸರಿದ, ಬೀಗದ ಕೈಗಳು ಜಣಜಣ ಅಂದವು.

ಆಮೇಲೆ ಯಾರೋ ನನ್ನ ತೋಳಿನ ಕೆಳಗೆ ನುಸುಳಿ ಮುಂದೆ ಬಂದರು. ಕಡ್ಡಿ. ಬೆರಳ ತುದಿಯವರೆಗೆ ಎಳೆದುಕೊಂಡಿದ್ದ ತೋಳನ್ನು ಒಂದೊಂದೇ ಮಡಿಕೆ ಮಾಡಿ ಮೊಣಕೈಯ ಮೇಲಕ್ಕೆ ಏರಿಸಿದಳು. ಆ ಸಣ್ಣ ಕೈಯನ್ನು ಅವನ ಹೊಟ್ಟೆಗೆ ತಾಗುವಷ್ಟು ಹತ್ತಿರ ಚಾಚಿದಳು.

"ಹಿಡೀರಿ," ಅಂದಳು.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಹಿಡೀರಿ ಅಂದೆ. ನಿನ್ನೆ ಮೊನ್ನೆ ನಾನು ಬೇಡ ಬೇಡ ಅಂದ್ರೂ ಹಿಡಿದ್ರಲ್ಲ."

ಅವನು ಹಿಂದೆ ಹಿಂದೆ ನಡೆದು ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಒಳಗಿನಿಂದಲೇ ಫೋನು ಮಾಡಿ ಮೇಡಂ ಅವರನ್ನು ಕರೆಸಿದ. ಅವರು ಬಂದು ಬಾಗಿಲು ಬಡಿದರು. "ಮೊದ್ಲು ಇವರನ್ನ ಇಲ್ಲಿಂದ ಕಳಿಸಿ ಮೇಡಂ," ಅಂತ ಒಳಗಿನಿಂದ ಧ್ವನಿ ಬಂತು. "ಎಲ್ರೂ ಸೇರ್ಕೊಂಡು ಕೈ ಹಿಡಿ, ಕೈ ಹಿಡಿ ಅಂತ ಪೀಡಿಸ್ತಿದಾರೆ."

ಮೇಡಂ ನಮ್ಮ ಕಡೆ ತಿರುಗಿದರು. "ಹೌದೇನ್ರೀ?"

"ಹೌದು ಮೇಡಂ," ಅಂದಳು ಅಜ್ಜಿ. "ಇಷ್ಟು ದಿನ ಕೇಳದೇ ಹಿಡೀತಿದ್ರು. ಇವತ್ತು ನಾವೇ ಕೊಟ್ರೆ ಬೇಡ್ವಂತೆ."

ಮೇಡಂ ಚಾಚಿದ್ದ ಕೈಗಳನ್ನೆಲ್ಲ ನೋಡಿದರು. ಕನ್ನಡಕ ತೆಗೆಯಲು ಹೋದವರು ಈ ಸಲ ತೆಗೆಯಲಿಲ್ಲ. ಕಡ್ಡಿ ಅವರ ಕಣ್ಣಲ್ಲಿ ಕಣ್ಣಿಟ್ಟು, ಅವನು ಯಾವಾಗ, ಹೇಗೆ, ಏನಂದು ಹಿಡಿದ ಅನ್ನುವುದನ್ನೆಲ್ಲ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಆದರೂ ನಿಜ.

ಬೀಗದ ಕೈಗಳ ಗೊಂಚಲು ಅವತ್ತೇ ಮೇಡಂ ಮೇಜಿನ ಮೇಲಕ್ಕೆ ಬಂತು. ಗಂಜಿಪುಡಿ, ಸೂಜಿ, ದಾರ ಈಗ ಮಡಿಸುವ ಕೋಣೆಯ ಕಪಾಟಿನಲ್ಲೇ ಇವೆ. ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಇನ್ನೊಂದು ಶಾಖೆಗೆ ಕಳಿಸಿದರು. ಅದು ನನಗೆ ಇನ್ನೂ ಹೊಟ್ಟೆ ಉರಿಯುವ ವಿಷಯ. ಅಲ್ಲೂ ಹೆಂಗಸರಿದ್ದಾರೆ. ಆದರೆ ವ್ಯಾನಕ್ಕ ಅಲ್ಲಿಗೂ ಬಟ್ಟೆ ಸಾಗಿಸುತ್ತಾಳೆ. ಈಗೀಗ ಬೇಕೆಂದೇ ಊಟದ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತಾಳೆ.

ನಡೆದದ್ದನ್ನು ಕೇಳಿ ಅವಳು ನಮ್ಮನ್ನು ಚೆನ್ನಾಗಿ ಉಗಿದಳು. "ಬಿಡಿಸ್ಕೊಂಡ ಕೈನ ಯಾರಾದ್ರೂ ವಾಪಸ್ ಕೊಡ್ತಾರಾ? ಅವನು ಪುಕ್ಕಲ, ಬಚಾವಾದ್ರಿ. ಇವತ್ತಿಂದ ಕೈ ಕೊಡೋ ಹಾಗಿಲ್ಲ. ಹಿಡಿಯೋಳೇ ಬಂದು ಹಿಡೀಬೇಕು."

ಸೋಮವಾರ ಕಡ್ಡಿ ಬಂದಳು. ಮಧ್ಯಾಹ್ನ ಬಾಗಿಲ ಹತ್ತಿರ ಕೂರದೆ ನೇರ ನನ್ನ ಎದುರಿಗೆ ಬಂದು ನಿಂತಳು. ನಾನು ಅವಳ ಮಣಿಕಟ್ಟು ಹಿಡಿದೆ, ಬಿಡಿಸಿಕೊಂಡಳು. ನಾನು ಕೈಗಾಗಿ ಕಾದೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಕೊಡೇ, ಹೊತ್ತಾಗ್ತಿದೆ."

"ಕೊಡಲ್ಲ ದೊಡ್ಡಮ್ಮ. ಬೇಕಿದ್ರೆ ನೀನೇ ಬಂದು ಹಿಡಿ."

ಹೋದೆ. ಏನಾಯಿತೋ ಗೊತ್ತಾಗುವುದರೊಳಗೆ ಟವೆಲ್ ಚೀಲಗಳ ಮೇಲೆ ಅಂಗಾತ ಬಿದ್ದು ಸೂರು ನೋಡುತ್ತಿದ್ದೆ. ಕಡ್ಡಿ ತೋಳನ್ನು ಇನ್ನೊಂದು ಮಡಿಕೆ ಏರಿಸಿಕೊಂಡು, ಕೋಣೆಯ ಸುತ್ತ ಒಬ್ಬೊಬ್ಬರನ್ನೇ ನೋಡಿದಳು.

"ಮುಂದಿಂದು," ಅಂದಳು.