ಅಂಚಮ್ಮ ಮತ್ತು ಕತ್ತಿನ ಗಂಟು

ಹೊಸಬರನ್ನು ಕಂಡಾಗ ಹೆಚ್ಚಿನವರು ಮುಖ ನೋಡುತ್ತಾರೆ, ಕೆಲವರು ಚಪ್ಪಲಿ ನೋಡುತ್ತಾರೆ. ಅಂಚಮ್ಮ ಕತ್ತು ನೋಡುತ್ತಿದ್ದರು. ಕಿವಿಯ ಹಿಂಬದಿಯಿಂದ ಹೊರಟ ಅವರ ದೃಷ್ಟಿ ದವಡೆಯ ಅಡಿಗೆ ಇಳಿದು, ಕೊರಳ ಪಕ್ಕದಲ್ಲೇ ಸಾಗಿ, ಹೆಗಲೆಲುಬಿನ ಮೇಲಿನ ತಗ್ಗಿನಲ್ಲಿ ಕ್ಷಣಕಾಲ ತಂಗಿ, ಅಲ್ಲೆಲ್ಲೂ ಉಬ್ಬಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮೇಲೇರಿ ಎದುರಿನವರ ಕಣ್ಣನ್ನು ಸಂಧಿಸುತ್ತಿತ್ತು. ಹೆಂಗಸರು ಸರ ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಕಾಲರ್ ಎಳೆದುಕೊಳ್ಳುತ್ತಿದ್ದರು. ಅಂಚಮ್ಮನಿಗೆ ಇದಾವುದೂ ತಿಳಿಯುತ್ತಿರಲಿಲ್ಲ.

ಅವರು ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕಿ. ನಾನು ಅದೇ ಕಾಲೇಜಿನ ಚಿತ್ರಕಾರ. ಪಾಠಕ್ಕೆ ಬೇಕಾದ ನಕ್ಷೆಗಳನ್ನು ಬರೆಯುವುದು ನನ್ನ ಕೆಲಸ, ನಾನು ಬರೆದದ್ದನ್ನು ಹಿಂದಕ್ಕೆ ಕಳಿಸುವುದು ಅವರ ಕೆಲಸ. ನೆಲಮಾಳಿಗೆಯಲ್ಲಿದ್ದ ಅವರ ಕೋಣೆಗೆ ಫಾರ್ಮಾಲಿನ್ನಿನ ಘಾಟು. ಕಿಟಕಿಯಾಚೆ ಸೈಕಲ್ಲುಗಳ ಚಕ್ರಗಳು ಮಾತ್ರ ಕಾಣುತ್ತಿದ್ದವು. ಅವರ ಬಿಳಿ ಕೋಟಿನ ಬಲಗೈ ತುದಿಗೆ ಸ್ಲೈಡುಗಳಿಗೆ ಹಾಕುವ ನೇರಳೆ ಬಣ್ಣ ಹತ್ತಿ, ಎಷ್ಟು ಒಗೆದರೂ ಹೋಗದೆ, ಕಡೆಗೆ ಅದೇ ಅದರ ಕಸೂತಿಯಾಗಿಬಿಟ್ಟಿತ್ತು. ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಾಗಿದ ಬೆನ್ನು ನಡೆಯುವಾಗಲೂ ಬಾಗಿಯೇ ಇರುತ್ತಿದ್ದುದರಿಂದ, ದೂರದಿಂದ ನೋಡಿದವರಿಗೆ ಅವರು ಕೋಟಿನಿಂದ ಬಿದ್ದುಹೋದ ಗುಂಡಿಯನ್ನು ಹುಡುಕುತ್ತಿರುವಂತೆ ಕಾಣುತ್ತಿತ್ತು.

ನಾನು ಮೊದಲು ಬರೆದುಕೊಟ್ಟದ್ದು ದುಗ್ಧಗ್ರಂಥಿಯ ಚಿತ್ರ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಅಡಗಿ ಕುಳಿತಿದ್ದು, ನಮಗೆ ಸೋಂಕು ತಗುಲಿದಾಗ ಕೈಗೆ ಸಿಗುವ ಆ ಪುಟ್ಟ ಗಂಟು.

"ಏನಯ್ಯಾ ಇದು, ಅವರೆಕಾಳು ಬರೆದಿದ್ದೀಯಾ?" ಎಂದರು. "ಬಾಣಗಳೆಲ್ಲಾ ಒಂದೇ ಕಡೆಯಿಂದ ನುಗ್ತಾ ಇವೆ. ಉಬ್ಬಿರೋ ಕಡೆ ಸುತ್ತಲೂ ಸಣ್ಣ ಸಣ್ಣ ನಾಳ ಒಳಗೆ ಬರ್ಬೇಕು. ಹೊರಗೆ ಹೋಗೋದು ಮಾತ್ರ ಈ ತಗ್ಗಿನಿಂದ. ಅಂಚಿಂದ ಶುರು ಮಾಡು. ಯಾವಾಗ್ಲೂ ಅಂಚಿಂದ."

ಈ 'ಅಂಚು ನೋಡು' ಎಂಬ ಮಾತನ್ನು ತರಗತಿಗೆ ಹತ್ತು ಸಲ ಹೇಳಿ ಹೇಳಿಯೇ ವಿದ್ಯಾರ್ಥಿಗಳ ಬಾಯಲ್ಲಿ ಅವರು ಅಂಚಮ್ಮ ಆದದ್ದು. ಆ ಚಿತ್ರವನ್ನು ನಾನು ಏಳು ಸಲ ಬರೆದೆ. ಏಳನೆಯದಕ್ಕೂ ಅವರು ಒಪ್ಪಲಿಲ್ಲ, ಸುಸ್ತಾದರು ಅಷ್ಟೆ; ನನ್ನ ತೋಳು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ದೇಹದ ಮೂಲೆಮೂಲೆಯಿಂದ ಸೋಸಿ ಬಂದ ದುಗ್ಧರಸ ಮೊದಲು ಗ್ರಂಥಿಯ ಅಂಚಿನ ಕಾಲುವೆಯಲ್ಲಿ ಮೆಲ್ಲಗೆ ಹರಿಯುವುದನ್ನೂ, ಅಲ್ಲಿ ಕಾದಿರುವ ಕೋಶಗಳು ಬಂದದ್ದನ್ನು ತಡೆದು ನುಂಗುವುದನ್ನೂ, ಅದರೊಳಗಿನ ದುಂಡನೆಯ ಗುಚ್ಛಗಳಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳು ಹೆಚ್ಚುತ್ತ ಪರೀಕ್ಷೆಗೆ ಒಳಗಾಗುವುದನ್ನೂ ಅವರು ತಮ್ಮ ನೆರೆಹೊರೆಯ ಸುದ್ದಿಯಂತೆ ವಿವರಿಸಿದರು. ಹೊಟ್ಟೆಯ ಎಡಗಡೆ ಪಕ್ಕೆಲುಬಿನಡಿ ಇರುವ ಗುಲ್ಮ ರಕ್ತಕ್ಕೆ ಇದೇ ಕೆಲಸ ಮಾಡುತ್ತದೆ, ಟಾನ್ಸಿಲ್ ಗಂಟಲ ಬಾಗಿಲಲ್ಲಿ ಮಾಡುತ್ತದೆ. ಎದೆಮೂಳೆಯ ಹಿಂದೆ ಬಾಲ್ಯದಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕೊಬ್ಬಾಗಿ ಕುಗ್ಗುವ ಥೈಮಸ್ ಬಗ್ಗೆ ಹೇಳುವಾಗಲಂತೂ ಅವರ ದನಿ ತಗ್ಗಿತು.

"ಅಲ್ಲಿ ಪಾಠಕ್ಕೆ ಬಂದ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಲ್ಲೇ ಸಾಯ್ತವೆ. ನಮ್ಮದೇ ಮೈಮೇಲೆ ಬೀಳೋ ಅಂಥವನ್ನ ಹೊರಗೆ ಬಿಡಲ್ಲ. ನಮ್ಮ ಕಾಲೇಜಿನಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ ನೋಡು."

ಒಮ್ಮೆ ವಸ್ತುಪ್ರದರ್ಶನಕ್ಕೆಂದು ಉಮೇದಿನಿಂದ ಬಿಳಿರಕ್ತಕಣಗಳ ಕೈಗೆ ಕತ್ತಿ-ಗುರಾಣಿ ಕೊಟ್ಟು ಬರೆದೆ. ಅದು ಅಂದೇ ವಾಪಸು ಬಂತು. "ಕತ್ತಿ ತೆಗಿ. ಅಲ್ಲಿ ಮುಕ್ಕಾಲು ಪಾಲು ಕೆಲಸ ಗುರುತು ಹಿಡಿಯೋದು. ಯಾರು ನಮ್ಮವರು, ಯಾರಲ್ಲ ಅಂತ. ಹೊಡೆದಾಟ ಆಮೇಲಿಂದು."

ಶಸ್ತ್ರಚಿಕಿತ್ಸಕರಿಗೆ ಅಂಚಮ್ಮನೆಂದರೆ ತಲೆನೋವು. ಉಳಿದವರು ಅರ್ಧ ದಿನದಲ್ಲಿ ಬರೆದುಕೊಡುವ ವರದಿಗೆ ಇವರು ಎರಡು ದಿನ ಹಿಡಿಯುತ್ತಿದ್ದರು. ಅಂಚಮ್ಮನ ಮೇಜಿಗೆ ಹೋದ ಸ್ಲೈಡು ಮೊಮ್ಮಕ್ಕಳ ಕಾಲಕ್ಕೆ ಹೊರಬರುತ್ತದೆ ಎಂದು ಅವರು ನಗುತ್ತಿದ್ದರು. ನಾನೂ ಅವರ ಜೊತೆ ನಕ್ಕವನೇ, ನನ್ನ ತಂಗಿಯ ಕತ್ತಿನಲ್ಲಿ ಗಂಟು ಕಾಣಿಸಿಕೊಳ್ಳುವವರೆಗೆ.

ತಂಗಿಗೆ ಆಗ ಇಪ್ಪತ್ತೆರಡು. ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕತ್ತಿನ ಹಿಂಬದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಸಣ್ಣ ಜ್ವರ, ಕೊಳದ ಮೆಟ್ಟಿಲು ಹತ್ತಲೂ ಆಗದಷ್ಟು ಆಯಾಸ. ಗಂಟಿನ ತುಂಡೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು; ಖಾಸಗಿ ಪ್ರಯೋಗಾಲಯವೊಂದರಿಂದ ವರದಿ ಬಂತು: ದುಗ್ಧಗ್ರಂಥಿಯ ಕ್ಯಾನ್ಸರ್. ಸೋಮವಾರ ಚಿಕಿತ್ಸೆ ಶುರುವೆಂದು ವೈದ್ಯರು ನಿಗದಿ ಮಾಡಿದರು. ಅಮ್ಮ ಮಾತು ಬಿಟ್ಟಳು. ತಂಗಿ ತನ್ನ ಈಜುಡುಗೆಗಳನ್ನು ಮಡಿಸಿ ಬೀರುವಿನ ಮೇಲ್ಗೂಡಿಗೆ ತಳ್ಳಿ ಬಂದು ಮಲಗಿದಳು.

ಗುರುವಾರ ಬೆಳಿಗ್ಗೆ ಆ ಪ್ರಯೋಗಾಲಯದಿಂದ ಅವಳ ಸ್ಲೈಡುಗಳನ್ನು ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿಕೊಂಡು ನೆಲಮಾಳಿಗೆಗೆ ಇಳಿದೆ. ಅಂಚಮ್ಮ ಸಮಾಧಾನದ ಮಾತು ಆಡಲಿಲ್ಲ. ಅದು ಅವರಿಗೆ ಬರುತ್ತಲೂ ಇರಲಿಲ್ಲ. ಅರ್ಧ ಗಂಟೆ ನೋಡಿ, ಆ ವೈದ್ಯರಿಗೆ ಫೋನು ಮಾಡಿ, "ನಾನು ಹೇಳೋವರೆಗೂ ಔಷಧಿ ಮುಟ್ಟಬೇಡಿ" ಎಂದರು. ಅತ್ತಲಿಂದ ಏರುದನಿ ನನಗೂ ಕೇಳಿಸಿತು. ಆಮೇಲೆ ಮೇಣದಲ್ಲಿ ಕೂರಿಸಿದ್ದ ಗಂಟಿನ ತುಂಡನ್ನು ತರಿಸಿಕೊಂಡು, ಹೊಸದಾಗಿ ಕೊಯ್ದು ಬಣ್ಣ ಹಾಕಿ, ಎರಡು ದಿನ ಅದರ ಮುಂದೆ ಕುಳಿತರು.

ಶನಿವಾರ ಮಧ್ಯಾಹ್ನ ಕರೆದರು.

"ಮನೇಲಿ ಬೆಕ್ಕಿದೆಯಾ?"

ಇವರಿಗೇನಾಯಿತೆಂದು ಗಾಬರಿಯಾಯಿತು. "ಮೂರಿವೆ ಮೇಡಂ. ತಂಗಿ ಬೀದಿಯಿಂದ ತಂದಿದ್ದು."

"ಅವುಗಳ ಹೊಲಸು ತೆಗೆಯೋರ್ಯಾರು?"

"ಅವಳೇ."

"ಬರಿಗೈಯಲ್ಲಿ?"

ನಾನು ತಲೆಯಾಡಿಸಿದೆ. ಅವರು ಕುರ್ಚಿ ಸರಿಸಿ ನನಗೆ ಜಾಗ ಬಿಟ್ಟರು. "ನೋಡು. ದುಂಡು ಗುಚ್ಛಗಳು ಊದಿವೆ, ನಿಜ. ಆದ್ರೆ ಒಂದೊಂದಕ್ಕೂ ಕಪ್ಪು ಮಗ್ಗುಲು, ಬಿಳಿ ಮಗ್ಗುಲು ಬೇರೆ ಬೇರೆ ಇದೆ. ಮಧ್ಯದಲ್ಲಿ ಸತ್ತ ಕೋಶ ಗುಡಿಸೋವು ಓಡಾಡ್ತಿವೆ. ಇಂಥ ಗುಚ್ಛದಲ್ಲಿ ಕ್ಯಾನ್ಸರ್ ಇದ್ದಿದ್ರೆ ಈ ಶಿಸ್ತೆಲ್ಲಾ ಕೆಟ್ಟು ಒಂದೇ ಥರ ಕಾಣೋದು. ಪಕ್ಕದಲ್ಲಿ ಈ ತೆಳು ಬಣ್ಣದ ಗುಂಪುಗಳಿವೆಯಲ್ಲ, ಬೆಕ್ಕಿನಿಂದ ಬರೋ ಒಂದು ಸೋಂಕಿನಲ್ಲಿ ಹೀಗಾಗುತ್ತೆ. ರಕ್ತ ಪರೀಕ್ಷೆ ಮಾಡಿಸು. ಮಂಗಳವಾರ ಗೊತ್ತಾಗುತ್ತೆ."

ಸೋಮವಾರವನ್ನು ದಾಟಬೇಕಿತ್ತು. ಚಿಕಿತ್ಸೆ ತಡವಾದರೆ ಹೊಣೆ ನಿಮ್ಮದೇ ಎಂದು ಆ ವೈದ್ಯರು ಹೇಳಿದ್ದರು. "ಆಯಮ್ಮ ತಪ್ಪಿದ್ರೆ ಏನೋ ಗತಿ?" ಎಂದು ಅಮ್ಮ ನಾಲ್ಕು ದಿನದ ಮೌನ ಮುರಿದಳು. ಭಾನುವಾರ ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಅಂಚಮ್ಮನ ಮನೆಗೇ ಹೋದೆ. ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು. ಕೋಪಿಸಿಕೊಳ್ಳಲಿಲ್ಲ.

"ತಪ್ಪಿದ್ದೀನಿ," ಎಂದರು, ಚೊಂಬನ್ನು ಕೆಳಗಿಟ್ಟು. "ಕೆಲಸಕ್ಕೆ ಸೇರಿದ ಹೊಸದರಲ್ಲಿ. ಒಬ್ಬ ಬಡಗಿಯ ಕಂಕುಳ ಗಂಟು. ಅವತ್ತು ಹದಿನೇಳು ಸ್ಲೈಡು ಮುಗಿಸಬೇಕಿತ್ತು. ಮಧ್ಯ ನೋಡ್ದೆ, ಎಲ್ಲಾ ಸರಿಯಾಗೇ ಇತ್ತು. ಸಾಮಾನ್ಯ ಊತ ಅಂತ ಬರೆದೆ. ಏಳು ತಿಂಗಳಿಗೆ ವಾಪಸ್ ಬಂದರು. ಹಳೇ ಸ್ಲೈಡು ತೆಗೆದು ನೋಡಿದ್ರೆ ಅಂಚಿನ ಕಾಲುವೆಯಲ್ಲಿ ಆರೇಳು ಪರಕೀಯ ಕೋಶ. ಕೈಮೇಲೆ ಕ್ಯಾನ್ಸರ್ ಆಗಿದ್ದ ಒಂದು ಮಚ್ಚೆಯಿಂದ ಹೊರಟು ಬಂದಿದ್ವು. ಗಂಟು ಅವನ್ನ ಬಾಗಿಲಲ್ಲೇ ಹಿಡಿದು ನಿಲ್ಲಿಸಿತ್ತಯ್ಯಾ. ನಾನೇ ನೋಡಲಿಲ್ಲ."

ಚೊಂಬನ್ನು ಮತ್ತೆ ಎತ್ತಿಕೊಂಡು ಪಕ್ಕದ ಗಿಡಕ್ಕೆ ನೀರು ಹಾಕಿದರು.

"ಅವರು ತೀರಿಹೋದ ಮೇಲೆ ಅವರ ಮನೆಗೆ ಹೋಗಿ ಹೆಂಡತಿಗೆ ಎಲ್ಲಾ ಹೇಳಿದೆ. ಆಯಮ್ಮ ಕೂರಿಸಿ, ಕುಡಿಯೋಕೆ ನೀರು ಕೊಟ್ಟರು. ಬೈದಿದ್ರೆ ಚೆನ್ನಾಗಿತ್ತು."

ಮನೆಗೆ ಮರಳಿ ಅಮ್ಮನಿಗೆ ಇದಿಷ್ಟನ್ನೂ ಹೇಳಿದೆ. ಆಕೆ "ಹಾಗಾದ್ರೆ ಕಾಯೋಣ" ಎಂದಳು. ತಪ್ಪನ್ನು ಒಪ್ಪಿಕೊಂಡವರ ಮೇಲೆ ಆಕೆಗೆ ಅದೇಕೆ ನಂಬಿಕೆ ಹುಟ್ಟಿತೋ ನಾನು ಕೇಳಲಿಲ್ಲ.

ಮಂಗಳವಾರ ಫಲಿತಾಂಶ ಬಂತು. ಬೆಕ್ಕಿನ ಸೋಂಕೇ. ಔಷಧಿಯ ಅಗತ್ಯವೂ ಇಲ್ಲ, ಗಂಟು ತಾನೇ ಇಳಿಯುತ್ತದೆ ಎಂದು ಅಂಚಮ್ಮ ಹೇಳಿದರು. ನಾಲ್ಕೈದು ತಿಂಗಳಲ್ಲಿ ಇಳಿಯಿತು. ಮೊದಲ ವರದಿ ಬರೆದ ತರುಣ ವೈದ್ಯನನ್ನು ಅಂಚಮ್ಮ ಕರೆಸಿಕೊಂಡರು, ಬೈಯಲಿಲ್ಲ. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಎದುರು ಕೂರಿಸಿಕೊಂಡು ಇಡೀ ಮಧ್ಯಾಹ್ನ ಆ ಸ್ಲೈಡನ್ನು ತೋರಿಸಿದರು. ಆತ ಯಾರೆಂಬುದನ್ನು ಶಸ್ತ್ರಚಿಕಿತ್ಸಕರು ಎಷ್ಟು ಕೆದಕಿದರೂ ಬಾಯಿಬಿಡಲಿಲ್ಲ.

ಕೃತಜ್ಞತೆ ಹೇಳಲು ಹೋದ ತಂಗಿಯನ್ನೂ ಅವರು ಸೂಕ್ಷ್ಮದರ್ಶಕದ ಮುಂದೆಯೇ ಕೂರಿಸಿದರು. ತನ್ನದೇ ಮೈಯ ತುಣುಕನ್ನು ಅವಳು ಉಸಿರು ಹಿಡಿದು ನೋಡಿದಳು.

"ಎಷ್ಟು ಚೆನ್ನಾಗಿದೆ ಮೇಡಂ! ಹಾಗಾದ್ರೆ ಇದಕ್ಕೆ ಏನೂ ಆಗಿರ್ಲಿಲ್ವಾ?"

"ಕೆಲಸ ಮಾಡ್ತಿತ್ತಮ್ಮಾ, ಪಾಪ. ಕೆಲಸ ಜಾಸ್ತಿಯಾಗಿ ಊದಿಕೊಂಡಿತ್ತು," ಎಂದರು ಅಂಚಮ್ಮ. ತಮ್ಮ ಮಗುವನ್ನು ಯಾರೋ ಹೊಗಳಿದಂತೆ ಅವರ ಮುಖ ಅರಳಿತ್ತು. ಮರುಕ್ಷಣವೇ ಗದರಿದರು: "ಇನ್ಮೇಲೆ ಕೈಗವಸು ಹಾಕ್ಕೋ."

ಇಂಥವರು ಎಲ್ಲ ಆಸ್ಪತ್ರೆಗಳಲ್ಲೂ ಒಬ್ಬಿಬ್ಬರಿರುತ್ತಾರೆ. ರೋಗಿಗಳು ಅವರ ಮುಖ ಕಂಡಿರುವುದಿಲ್ಲ. ವರದಿಯ ತಳದಲ್ಲಿ ಓದಲಾಗದ ಒಂದು ಸಹಿಯಷ್ಟೇ ಅವರ ಗುರುತು. ನಿಧಾನಿಗಳೆಂದು ಬೈಸಿಕೊಳ್ಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುತ್ತಾರೆ, ಗೊತ್ತಾಗುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಎಂದೋ ಮಾಡಿದ ಒಂದು ತಪ್ಪನ್ನು ಮರೆಯಲಾರದೆ, ಅದರ ನೋವನ್ನೇ ಎಚ್ಚರವಾಗಿ ಮಾರ್ಪಡಿಸಿಕೊಂಡ ಈ ಜನರ ದೆಸೆಯಿಂದ, ಎಷ್ಟೋ ಮನೆಗಳಲ್ಲಿ ಎಷ್ಟೋ ಮಂದಿ ತಮಗೆ ಯಾವ ಅಪಾಯ ತಪ್ಪಿತೆಂಬುದೂ ತಿಳಿಯದೆ, ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುತ್ತಿರುತ್ತಾರೆ.