ಹಳೇದರ ಮೇಲೆ ಬೆರಳು

ಕಂಪ್ಯೂಟರಿನ ಪ್ಲಗ್ ಕೀಳಲು ಬಾಗಿದ ಸೈಫುಲ್ಲಾನ ಕೈಯನ್ನು ನಿಖತ್ ಹಿಡಿದಳು.

"ಬ್ಯಾಡ ಚಾಚಾ. ಅಬ್ಬಾ ನಿನ್ನೆ ಹಚ್ಚಿದ ಕಾಪಿ ಅದು. ಮುಗಿದೈತಾ ನೋಡ್ತೀನಿ."

"ಬೇಗ ನೋಡು. ಮಧ್ಯಾಹ್ನದ ಜೋಹರ್ ನಮಾಜಿಗೆ ಅಣ್ಣನ ಜನಾಜ ಎತ್ತಬೇಕು. ಜನ ನಿಲ್ಲೋಕೂ ಜಾಗ ಇಲ್ಲ."

ಆಜಾದ್ ನಗರದ ಆ ಮನೆಯ ಮುಂದಿನ ಕೋಣೆಯೇ ನಿಖತ್‌ಳ ತಂದೆ ಜಮಾಲುದ್ದೀನರ ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡ ಅವರನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ಅಲ್ಲೇ ಮಲಗಿಸಿದ್ದರು.

ಪರದೆಯ ಮೇಲೆ ಶೇಕಡಾ ನೂರು ಎಂದಿತ್ತು. ನಿಖತ್ ನಿರಾಳವಾಗುವ ಮೊದಲೇ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಎಲ್ಲಿಂದ ಎಂಬಲ್ಲಿ ಹೊಸ ಡ್ರೈವಿನ ಹೆಸರು. ಎಲ್ಲಿಗೆ ಎಂಬಲ್ಲಿ ಹಳೇ ಡಿಸ್ಕಿನದು. ಹೊಸದರ ಖಾಲಿತನವೆಲ್ಲ ಹಳೆಯದರ ಮೇಲೆ ಕೂತಿತ್ತು. ಅಳಿಸಿದ್ದನ್ನು ಮರಳಿ ತೆಗೆಯಬಹುದು, ಮೇಲೆ ಬರೆದಿದ್ದನ್ನಲ್ಲ.

ಆ ಡಿಸ್ಕಿನ ಒಡತಿ, ಹರಿಹರದ ಬಿಂದು, ಹೊರಗೆ ಹೆಂಗಸರ ನಡುವೆ ಕೂತು ಅಳುತ್ತಿದ್ದಳು.

*

"ಕಡರನಾಯಕನಹಳ್ಳಿ ಬಾವಿಗಳ ನೀರು ನಾಲ್ಕು ವರ್ಷ ಅಳದೀನಿ ಜಮಾಲಣ್ಣ. ಎಲ್ಲಾ ಇದೊಂದ್ರಾಗೇ ಐತೆ," ಎಂದಿದ್ದಳು ಬಿಂದು, ಹಿಂದಿನ ಸಂಜೆ.

"ವಿಂಡೋಸ್ ಸಮೇತ ಇದ್ದದ್ದು ಇದ್ದಂಗೇ ಹೊಸ ಎಸ್‌ಎಸ್‌ಡಿ ಡ್ರೈವಿಗೆ ಹೋಗುತ್ತಮ್ಮ. ನಾಳೆ ಬಾ."

ಹಿಂದೊಮ್ಮೆ ಯಾರದೋ ಮದುವೆಯ ಫೋಟೊಗಳನ್ನು ಹೀಗೇ ಉಲ್ಟಾ ಕಾಪಿ ಮಾಡಿ ಕಳೆದ ಮೇಲೆ ಜಮಾಲುದ್ದೀನರು ಒಬ್ಬರೇ ಗುಂಡಿ ಒತ್ತುತ್ತಿರಲಿಲ್ಲ. ಡ್ರೈವ್‌ಗಳಿಗೆ 'ಹಳೇದು', 'ಹೊಸದು' ಎಂದು ಪಟ್ಟಿ ಅಂಟಿಸುವರು. ಇನ್ನೊಬ್ಬರು ಹಳೆಯದರ ಮೇಲೆ ಬೆರಳಿಟ್ಟು, ಪರದೆ ಓದಿ, ಸರಿ ಎನ್ನಬೇಕು.

"ಈ ಎಡಗೈ ಯಾಕೋ ಜೋಮು ಹಿಡಿದೈತೆ," ಎನ್ನುತ್ತ ಅವರು ಎರಡೂ ಕೇಬಲ್ಲನ್ನು ಬಲಗೈಯಲ್ಲೇ ಸಿಕ್ಕಿಸಿದರು. "ನಿಖತ್, ಬೆರಳಿಡು. ಸರಿ ಐತಾ?"

ಅವಳು ಫೋನಿನಲ್ಲಿ ಗೆಳತಿ ಕಳಿಸಿದ ವಿಡಿಯೊ ನೋಡಿ ನಗುತ್ತಿದ್ದಳು. "ಹೂಂ ಅಬ್ಬಾ, ಐತೆ."

ಪರದೆಯನ್ನೂ ನೋಡಿರಲಿಲ್ಲ, ಅವರ ಮುಖವನ್ನೂ.

*

"ನಾಳೆ ಹೇಳು ಬೇಟಿ," ನಿಖತ್ ಹೇಳಿದ್ದು ಕೇಳಿ ತಾಯಿ ರಹಮತ್ ಬೀ ಅವಳ ಸೆರಗು ಬಿಡಲಿಲ್ಲ. "ಇವತ್ತು ಅಬ್ಬಾ ನೆಮ್ಮದಿಯಿಂದ ಹೋಗ್ಲಿ."

ಬಾಗಿಲಲ್ಲಿ ಸೈಫುಲ್ಲಾ ಕೈಮುಗಿದ. "ನಮ್ಮಣ್ಣನಿಂದ ಯಾರಿಗಾದ್ರೂ ತಪ್ಪಾಗಿದ್ರೆ ಈಗ್ಲೇ ಹೇಳ್ರಿ, ಮಾಫ್ ಮಾಡ್ರಿ. ಮಣ್ಣಾದ ಮೇಲೆ ಕೇಳೋಕೆ ಅವನಿರಲ್ಲ."

ಎದುರು ಸೈಕಲ್ ಅಂಗಡಿಯ ಗೋಣೆಪ್ಪ ಕಣ್ಣೊರೆಸಿಕೊಂಡ. "ನನ್ನ ಟೇಪ್‌ರೆಕಾರ್ಡರ್ ಬಿಚ್ಚಿ ಹನ್ನೊಂದು ವರ್ಷ ಆತು. ಕೇಳಿದಾಗೆಲ್ಲ, ಇನ್ನೊಂದೇ ಸ್ಕ್ರೂ ಅಂತಿದ್ದ. ಅದೂ ಮಾಫಪ್ಪ."

ಅಳುವಿನ ನಡುವೆ ಯಾರೋ ನಕ್ಕರು.

"ನನಗೇನು ತಪ್ಪು ಮಾಡ್ಯಾರೆ ಅವರು?" ಎಂದಳು ಬಿಂದು. "ಆದ್ರೂ ಮಾಫ್."

ನಾಲ್ವರು ಹೆಗಲು ಕೊಟ್ಟರು. ಜನಾಜ ಹೊಸ್ತಿಲಿಗೆ ಬಂತು.

"ಗೊತ್ತಿಲ್ದೆ ಕೊಟ್ಟಿದ್ದು ಮಾಫೇನು ಅಮ್ಮೀ?" ನಿಖತ್ ಸೆರಗು ಬಿಡಿಸಿಕೊಂಡಳು. "ಚಾಚಾ, ನಿಲ್ರಿ!"

ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಬಿಂದುವಿನ ಮುಂದೆ ಕೂತಳು. "ಅಕ್ಕಾ, ಇದ್ರಾಗೆ ಏನೂ ಉಳಿದಿಲ್ಲ. ಕಾಪಿ ಉಲ್ಟಾ ಆಗೈತೆ. ಅಬ್ಬಾ ಕೇಳಿದ್ರು, ನಾನು ನೋಡ್ದೇನೆ ಸರಿ ಅಂದೆ."

"ಬಾವಿದು?"

"ಎಲ್ಲಾ."

ಬಿಂದುವಿನ ಬೆರಳು 'ಹಳೇದು' ಎಂದು ಬರೆದ ಪಟ್ಟಿಯ ಮೇಲೆ ನಿಂತಿತು. ಅವಳು ಆ ಪಟ್ಟಿಯನ್ನೊಮ್ಮೆ, ಜನಾಜವನ್ನೊಮ್ಮೆ ನೋಡಿದಳು.

ಅವಳ ಮಾಫಿಗಾಗಿ ಹೊಸ್ತಿಲಲ್ಲಿ ಕಾದು ನಿಂತ ನಾಲ್ವರು, ಭಾರ ತಾಳದೆ, ಮೆಲ್ಲಗೆ ಹೆಗಲು ಬದಲಿಸಿಕೊಂಡರು.